ಗಾಣದ ಮೂಲೆಯವರೆಗೆ ಅಕ್ಕ

ನಮ್ಮ ಅಕ್ಕ ಗಾಣದ ಮೂಲೆಯವರೆಗೆ ಮಾತ್ರ ಇರುತ್ತಿದ್ದಳು. ಮನೆಯಲ್ಲಿ ಇರುತ್ತಿದ್ದಳು, ಹಿತ್ತಲಲ್ಲಿ ಇರುತ್ತಿದ್ದಳು, ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಪಕ್ಕದ ಮನೆಯವರ ಜೊತೆ ನಗುತ್ತ ನಿಂತಿರುತ್ತಿದ್ದಳು. ಎಣ್ಣೆ ಗಾಣದ ಮೂಲೆ ದಾಟಿದಳೋ, ಮುಗಿಯಿತು. ಅಲ್ಲಿಂದಾಚೆ ಅವಳ ದನಿ ಹೋಗುತ್ತಿರಲಿಲ್ಲ. ದನಿ ಹೋಗದ ಕಡೆ ಮನುಷ್ಯ ಕಾಣುವುದಿಲ್ಲ. ನಮ್ಮ ಊರಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ವರ್ಷಕ್ಕೊಂದು ಸಲ ಎಲ್ಲರೂ ದನಿಮನೆಗೆ ಹೋಗಿ ಮೈಕಿಗೆ ದನಿ ಕೊಟ್ಟು ಬರುತ್ತೇವೆ. ದಿನಾ ಬೆಳಿಗ್ಗೆ ಅದರ ಮೇಲಿನ ಲೌಡ್‌ಸ್ಪೀಕರ್‌ನಲ್ಲಿ ಊರಿನ ಒಬ್ಬೊಬ್ಬರ ಹೆಸರೂ ಅವರವರ ಬಾಯಲ್ಲೇ ಬರುತ್ತದೆ. 'ನಾನು ಇಂಥವನು, ಇದ್ದೀನಿ.' ಅಷ್ಟೇ. ಆ ದನಿ ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿಯವರೆಗೆ ಅವತ್ತು ಅವನು ಇರುತ್ತಾನೆ. ಗಟ್ಟಿ ದನಿಯವರು ಊರಿಗೆಲ್ಲ ಇರುತ್ತಾರೆ, ದೊಡ್ಡ ಮನೆ ಕಟ್ಟಿಸಿಕೊಂಡು ಮೇಲ್ಪೇಟೆಯಲ್ಲಿ ಇರುತ್ತಾರೆ. ಮೆಲುದನಿಯವರು ದನಿಮನೆಯ ಸುತ್ತಮುತ್ತ ಬಾಡಿಗೆಗೆ ಒತ್ತಿಕೊಂಡಿರುತ್ತಾರೆ. ನಮ್ಮ ಬೀದಿಯಲ್ಲಿ ಒಂದೊಂದು ಕೋಣೆಗೆ ಎರಡು ಮೂರು ಸಂಸಾರ. ಬಳೆ, ಸೀರೆ, ಸೊಪ್ಪು ಎಲ್ಲ ನಮ್ಮ ಬೀದಿಗೇ ಬರಬೇಕು, ಯಾಕೆಂದರೆ ನಮ್ಮ ಬೀದಿಯ ಹೆಂಗಸರು ಪೇಟೆಗೆ ಹೋದರೆ ಅಂಗಡಿಯವನು ಅವರ ತಲೆಯ ಮೇಲಿಂದ ಹಿಂದಿನವರ ಜೊತೆ ವ್ಯಾಪಾರ ಮಾಡುತ್ತಾನೆ. ಪೇಟೆಬೀದಿಯಲ್ಲಿ ಜನ ಕೈ ಮುಂದಕ್ಕೆ ಚಾಚಿಕೊಂಡು ನಡೆಯುತ್ತಾರೆ. ಏನಾದರೂ ಮೆತ್ತಗೆ ತಗುಲಿದರೆ 'ತಪ್ಪಾಯ್ತು ಕಣವ್ವ' ಎಂದು ಗಾಳಿಗೆ ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಸರಿದ ಮರುಗಳಿಗೆ ಮರೆತುಬಿಡುತ್ತಾರೆ. ಮನುಷ್ಯ ನೆನಪಿರುತ್ತಾನೆ. ಅವನು ಇಲ್ಲೇ ಇದ್ದಾನೆ ಅನ್ನುವುದು ನೆನಪಿರುವುದಿಲ್ಲ.

ಅಕ್ಕನಿಗೆ ದಿನ ತುಂಬಿತ್ತು. ಕೂಸು ಹೊಟ್ಟೆಯೊಳಗೆ ಅಡ್ಡಕ್ಕೆ ಮಲಗಿತ್ತು. ನಮ್ಮ ಬೀದಿಯ ಸೂಲಗಿತ್ತಿ ಹೊಟ್ಟೆ ನೀವಿ ನೋಡಿ, 'ನನ್ನ ಕೈಲಾಗಲ್ಲ ಕಣವ್ವ, ಇದು ಕುಯ್ದೇ ತೆಗೀಬೇಕು' ಎಂದು ಕೈ ತೊಳೆದುಕೊಂಡು ಎದ್ದಳು. ಕುಯ್ಯುವ ಆಸ್ಪತ್ರೆ ಇರುವುದು ಮೇಲ್ಪೇಟೆಯಲ್ಲಿ, ಗಾಣದ ಮೂಲೆಯಿಂದ ಎಷ್ಟೋ ಆಚೆ.

ಭಾವ ತಿಪ್ಪೇಶ ಲಗೇಜ್ ಆಟೋದಲ್ಲಿ ಈರುಳ್ಳಿ ಮಾರುವವನು. ಬೀದಿಬೀದಿ ಕೂಗಿ ಪಳಗಿದ ಗಂಟಲು, ಹಾಗಾಗಿ ಊರಿಗೆಲ್ಲ ಇದ್ದಾನೆ. ನಮ್ಮ ಮನೆಯಲ್ಲೇ ಇರುವ ಅಳಿಯ. 'ಸುಮ್ನೆ ಕೈ ಹಿಡ್ಕೊಂಡು ಕೂತ್ಕೋ ಬಾಮೈದ, ಕೈ ಬಿಡ್ದಿದ್ರೆ ಎಲ್ಲಿಗೆ ಹೋಯ್ತಾಳೆ?' ಅಂದ. ಸರಿ ಅಂತ ಅಕ್ಕನನ್ನು ಹಿಂದೆ ಗೋಣಿ ಹಾಸಿ ಕೂರಿಸಿದೆವು. ನಾನು ಅವಳ ಕೈ ಹಿಡಿದುಕೊಂಡೇ ಕೂತೆ. ಗಾಣದ ಮೂಲೆ ದಾಟಿತು. ನನ್ನ ಬೆರಳು ಮಡಚಿಕೊಂಡಿದ್ದವು, ಒಳಗೆ ಏನೋ ಬೆಚ್ಚಗಿತ್ತು. ಯಾಕೆ ಬೆಚ್ಚಗಿದೆ ಅಂತ ಯೋಚಿಸುವಷ್ಟರಲ್ಲಿ ಕೈ ಬಿಟ್ಟು ಬೀಡಿ ಹಚ್ಚಿದೆ.

'ಈ ಕಡೆ ಯಾಕ್ಲಾ ಬಂದ್ವಿ?' ಭಾವ ಕೇಳಿದ.

'ಯಾರಿಗ್ಗೊತ್ತು. ಈರುಳ್ಳಿ ತರಕ್ಕಿರಬೇಕು.'

ಮಂಡಿಯಲ್ಲಿ ಒಂದು ಮೂಟೆ ಕೊಂಡು ಇಬ್ಬರೂ ಎತ್ತಿ ಹಿಂದಕ್ಕೆ ಎಸೆದೆವು. ಮೂಟೆ ನೆಲ ಮುಟ್ಟಿದ ಸದ್ದಾಗಲಿಲ್ಲ, ಏನೋ ಮೆತ್ತಗಿರುವುದರ ಮೇಲೆ ಕೂತ ಹಾಗಾಯಿತು. ಅದನ್ನೂ ಮರೆತೆವು. ವಾಪಸ್ ಬರುವಾಗ ಗಾಣದ ಮೂಲೆ ತಿರುಗಿತು ನೋಡಿ, ನನ್ನ ಪಕ್ಕದಲ್ಲೇ ಅಕ್ಕ ಕೂತಿದ್ದಳು. ಮೂಟೆ ಅವಳ ಎರಡೂ ಕಾಲ ಮೇಲೆ ಬಿದ್ದಿತ್ತು. ಹೊಟ್ಟೆಗೆ ತಾಗದ ಹಾಗೆ ಎರಡು ಕೈಯಲ್ಲೂ ತಡೆದು ಹಿಡಿದಿದ್ದಳು.

'ನಿನ್ನ ಕಿವಿ ಹತ್ರಾನೇ ಕಿರುಚಿದೆ ಕಣೋ ಬೋರ' ಎಂದಳು. 'ನೀನು ಬೀಡಿ ಹೊಗೆ ನನ್ ಮುಖಕ್ಕೇ ಬಿಟ್ಟೆ.'

ಭಾವ ಆಟೋ ನಿಲ್ಲಿಸಿ ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವತ್ತು ರಾತ್ರಿ ಯಾರೂ ಅನ್ನ ಮುಟ್ಟಲಿಲ್ಲ. ಮೂವರ ತಲೆಯಲ್ಲೂ ಒಂದೇ ಓಡುತ್ತಿತ್ತು. ಹೇಗೋ ಆಸ್ಪತ್ರೆ ಮುಟ್ಟಿಸಿದೆವು ಅಂತಲೇ ಇಟ್ಟುಕೊಳ್ಳಿ. ಅಲ್ಲಿಯ ನರ್ಸು ಎಲಿಶಮ್ಮ ಸಿಸ್ಟರ್ ಬರುತ್ತಾರೆ, ಡಾಕ್ಟರು ಬರುತ್ತಾರೆ, ಹೊಟ್ಟೆ ಕುಯ್ಯುತ್ತಾರೆ. ಕುಯ್ದಾದ ಮೇಲೆ ಮರೆತರೆ? ಕೈ ತೊಳೆದುಕೊಂಡು ಟೀ ಕುಡಿಯಲು ಹೋದರೆ? ಕೂಸಿಗೆ ಸ್ವಂತ ದನಿ ಬರುವವರೆಗೆ ತಾಯಿಯ ದನಿಯೇ ಗತಿ. ತಾಯಿ ಇಲ್ಲದ ಕಡೆ ಕೂಸೂ ಇಲ್ಲ.

ನನಗೆ ಸಿಟ್ಟು ಬಂತು. ನನಗೆ ಯಾವಾಗಲೂ ಸಿಟ್ಟೇ. ಏಳನೇ ಕ್ಲಾಸಿನಲ್ಲಿ ಮೊದಲ ಸಲ ದನಿ ಕೊಡಲು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದಾಗ 'ಜೋರಾಗಿ ಹೇಳು, ಇನ್ನೂ ಜೋರಾಗಿ, ಅನ್ನ ತಿನ್ನಲ್ವಾ' ಅಂತ ಎಲ್ಲರೂ ಸುತ್ತ ನಿಂತು ಕೂಗಿಸಿದರು. ನಾನೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸೇರಿಸಿ ಕೂಗಿದೆ. ದನಿ ಕಂಪ್ಯೂಟರಿನ ಮಟ್ಟ ಮೀರಿ ಕೆಂಪಿಗೆ ಹೋಗಿ ಒಡೆಯಿತು. ಒಡೆದ ದನಿ ಹಾಗೇ ನಿಂತುಬಿಡುತ್ತದೆ. ವರ್ಷ ವರ್ಷ ಮತ್ತೆ ಕೊಡುತ್ತೇನೆ, ಮತ್ತೆ ಒಡೆದೇ ಬರುತ್ತದೆ. ಅವತ್ತಿನಿಂದ ನಾನು ನೀರು ಕೇಳಿದರೂ ಜಗಳ, ಹೆಸರು ಹೇಳಿದರೂ ಜಗಳ. ಪಾಠ ಓದಿಸಿದರೆ ಮೇಷ್ಟ್ರು ಕಿವಿ ಮುಚ್ಚಿಕೊಂಡು 'ಕೂತ್ಕೊಳ್ಳಯ್ಯ ಸಾಕು' ಅನ್ನುತ್ತಿದ್ದರು. ಕೂತೆ. ಆಮೇಲೆ ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಊರಿಗೆಲ್ಲ ಇದ್ದೇನೆ, ಎಲ್ಲಿ ಹೋದರೂ ಜನ ಮೊದಲು ನೋಡುವುದು ನನ್ನನ್ನೇ. ನೋಡಿ ಹಿಂದೆ ಸರಿಯುತ್ತಾರೆ.

ಅಮ್ಮನ ಕಥೆ ಬೇರೆ. ಅಮ್ಮ ಒಂದು ಕಾಲಕ್ಕೆ ಪೇಟೆಗೆ ಹೋಗಿ ಹೂ ಮಾರಿ ಬರುತ್ತಿದ್ದಳಂತೆ. ನಾನು ಶಾಲೆ ಬಿಟ್ಟ ವರ್ಷದಿಂದ ಅವಳ ದನಿ ಕುಗ್ಗುತ್ತ ಬಂತು. ಮೊದಲು ಪೇಟೆ ಹೋಯಿತು, ಆಮೇಲೆ ಗಾಣದ ಮೂಲೆ, ಆಮೇಲೆ ನಲ್ಲಿ. ಹೋದ ವರ್ಷ ಅವಳ ಹೆಸರು ದನಿಮನೆಯ ಮೆಟ್ಟಿಲು ಇಳಿಯಲಿಲ್ಲ. ಬೆಳಿಗ್ಗೆ ಒಲೆ ಉರಿಯುತ್ತಿತ್ತು, ರೊಟ್ಟಿ ಬೇಯುತ್ತಿತ್ತು, ಅಮ್ಮ ಇರಲಿಲ್ಲ. ಈಗಲೂ ಅಕ್ಕ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾಳೆ. ಕೆಲವು ದಿನ ಅನ್ನ ಹಾಗೇ ಇರುತ್ತದೆ. ಕೆಲವು ದಿನ ಇರುವುದಿಲ್ಲ. ಯಾವ ದಿನ ಹೆಚ್ಚು ಹೆದರಿಕೆಯಾಗುತ್ತದೆ ಅಂತ ನನಗೆ ಹೇಳಲು ಬರುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅಕ್ಕನನ್ನು ಕರೆದುಕೊಂಡು ದನಿಮನೆಗೆ ಹೋದೆ. ಭಾವ ಆಟೋ ಸಿದ್ಧ ಇಟ್ಟುಕೊಂಡು ಮನೆಯಲ್ಲೇ ಉಳಿದ. ದನಿಮನೆಯ ಗುರುಲಿಂಗಪ್ಪ ಊಟ ಮಾಡಿ ಎಲೆಯಡಿಕೆ ಹಾಕುತ್ತ ಕೂತಿದ್ದರು. ಊರಿನ ದನಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬುವವರು ಅವರೇ.

'ವರ್ಷದ ಮಧ್ಯೆ ಬಂದ್ರೆ ಹೆಂಗಯ್ಯ? ಇದೇನು ಗಿರಣಿನಾ, ಯಾವಾಗ್ ಬೇಕಾದ್ರೂ ಬಂದು ಹಿಟ್ಟು ಬೀಸಿಸ್ಕೊಂಡು ಹೋಗಕ್ಕೆ?'

'ಬಸುರಿ ಇರೋ ಮನೆಗೆ ಮಧ್ಯದಲ್ಲೂ ಒಂದು ಹೆಸ್ರು ತುಂಬಕ್ಕೆ ಬಿಡ್ತೀರಲ್ಲ ಸಾರ್.'

'ಕೂಗಾಡ್ಬೇಡ.'

'ನಾನು ಕೂಗಾಡ್ತಿಲ್ಲ ಸಾರ್. ನನ್ ದನಿನೇ ಹಿಂಗೆ.'

ಅವರು ಅಕ್ಕನ ಹೊಟ್ಟೆ ನೋಡಿದರು. ಎದ್ದು ಬಾಯಿ ಮುಕ್ಕಳಿಸಿ ಬಂದರು. 'ಒಂದೇ ಹೆಸ್ರು. ನಿನ್ನದೂ ಸೇರ್ಸಿ ಅಂತ ಆಮೇಲೆ ಅನ್ನಂಗಿಲ್ಲ' ಅಂದರು.

ಮೈಕು ಮೇಜಿನ ಮೇಲೆ ಪೀಠ ಹಾಕಿ ಇಟ್ಟಿತ್ತು. ಅದಕ್ಕೆ ಹಾರ. ಹಬ್ಬ ಹಬ್ಬಕ್ಕೂ ಗಂಧ ಕುಂಕುಮ ಇಟ್ಟು ಇಟ್ಟು ಅದರ ಜಾಲರಿ ಮುಖ ಗಟ್ಟಿ ಪೊರೆ ಕಟ್ಟಿ ಇಟ್ಟಿಗೆಯ ಹಾಗಾಗಿತ್ತು. ಅದರಿಂದ ಮಾರುದ್ದ ಆಚೆ ನೆಲದ ಮೇಲೆ ಸುಣ್ಣದ ಗೆರೆ. ಗೆರೆ ದಾಟಬಾರದು. ಊರಿನ ದನಿಗಳೆಲ್ಲ ಹಾದುಹೋಗುವ ಮೈಕು, ಅದಕ್ಕೆ ಒಬ್ಬರ ಎಂಜಲು ಸೋಕಿದರೆ ಎಲ್ಲರ ದನಿಯೂ ಮೈಲಿಗೆ. ಹುಟ್ಟಿದಾಗಿನಿಂದ ಕೇಳಿದ್ದು ಇದನ್ನೇ. ಹಾಗಾಗಿ ಊರಿಗೆ ಊರೇ ಅಷ್ಟು ದೂರ ನಿಂತು ಕಿರುಚುತ್ತದೆ. ಕಿರುಚಲಾಗದವರು ಗಾಣದ ಮೂಲೆಗೇ ಮುಗಿಯುತ್ತಾರೆ.

ಕಂಪ್ಯೂಟರಿನಲ್ಲಿ ಮಟ್ಟದ ಕಂಬ ಕಾಣುತ್ತಿತ್ತು. ದನಿ ಬಂದರೆ ಅದು ಮೇಲಕ್ಕೆ ಏಳುತ್ತದೆ. ಕೆಳಗೆ ಹಸಿರು, ಅದರ ಮೇಲೆ ಹಳದಿ, ತುದಿಯಲ್ಲಿ ಕೆಂಪು. ಹಳದಿಯಲ್ಲಿ ಆಡಬೇಕು, ಕೆಂಪು ಮುಟ್ಟಬಾರದು. ಅಕ್ಕ ಗೆರೆಯ ಮೇಲೆ ನಿಂತು 'ನಾನು ಭಾಗೀರಥಿ, ಇದ್ದೀನಿ' ಎಂದಳು. ಕಂಬದ ಬುಡದಲ್ಲಿ ಏನೋ ಮಿಸುಕಿ ಸುಮ್ಮನಾಯಿತು.

'ಇನ್ನೂ ಜೋರಾಗಿ ತಾಯಿ.'

ಅಕ್ಕ ಉಸಿರು ತುಂಬಿಕೊಂಡು ಕೂಗಿದಳು. ಅರ್ಧಕ್ಕೇ ಕೆಮ್ಮು ಬಂತು. ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಹಸಿರು ಒಂದು ಬೆರಳಷ್ಟು ಎದ್ದು ಬಿತ್ತು.

'ಅದನ್ನೇ ನೀವು ಸ್ವಲ್ಪ ಏರಿಸ್ಕೊಳಿ ಸಾರ್' ಅಂದೆ.

'ಮಟ್ಟಕ್ಕೆ ನೀವು ಬರಬೇಕು ಕಣಪ್ಪ. ಮಟ್ಟ ನಿಮ್ ಹತ್ರ ಬರಲ್ಲ.'

ಹೀಗಂದರೂ ಗುರುಲಿಂಗಪ್ಪ ಬಾಗಿಲ ಕಡೆ ನೋಡಿ, ಮೌಸಿನಲ್ಲಿ ಏನೋ ಒತ್ತಿದರು. ಬೂಸ್ಟ್. ಅದನ್ನು ಒತ್ತಿದರೆ ಮೈಕು ತಾನೇ ಹೆಚ್ಚು ಕೇಳಿಸಿಕೊಳ್ಳುತ್ತದೆ. ಹೋದ ವರ್ಷ ಬಳೆ ಮಾರುವ ಕಾಳಮ್ಮನಿಗೆ ಹಾಕಿಕೊಟ್ಟಿದ್ದರು. ಕಾಳಮ್ಮ ಊರಿಗೆಲ್ಲ ಕಂಡಳು, ಆದರೆ ಒಬ್ಬಳೇ ಕಾಣಲಿಲ್ಲ. ಅವಳ ಬೆನ್ನ ಹಿಂದೆ ಯಾವಾಗಲೂ ಏನೋ ಕದಲುತ್ತಿತ್ತು, ಬಿಸಿಲಲ್ಲಿ ದೂರದ ರಸ್ತೆ ಕದಲುವ ಹಾಗೆ. ಯಾರೂ ಅವಳಿಗೆ ಬಾಗಿಲು ತೆಗೆಯಲಿಲ್ಲ. ಅವಳೇ ಬಂದು ಕಾಲು ಹಿಡಿದು ಬೂಸ್ಟ್ ತೆಗೆಸಿಕೊಂಡಳು.

ಅಕ್ಕ ಇನ್ನೊಂದು ಸಲ ಹೇಳಿದಳು. ಕಂಬ ಹಳದಿಗೆ ಏರಿತು. ಅವಳು ಬಾಯಿ ಮುಚ್ಚಿದ ಮೇಲೂ ಇಳಿಯಲಿಲ್ಲ, ಅರ್ಧದಲ್ಲೇ ನಿಂತು ನಡುಗುತ್ತಿತ್ತು. ರೂಮಿನಲ್ಲಿ ನಾವು ಮೂವರೇ. ಫ್ಯಾನ್ ಆರಿಸಿದ್ದರು. ಕಿಟಕಿ ಮುಚ್ಚಿತ್ತು. ನಾನು ಮೇಜಿನ ಮೇಲಿದ್ದ ಹೆಡ್‌ಫೋನ್ ತೆಗೆದು ಕಿವಿಗೆ ಹಾಕಿಕೊಂಡೆ.

'ಹಾಕ್ಬೇಡ' ಅಂದರು ಗುರುಲಿಂಗಪ್ಪ. ಬೈದದ್ದಲ್ಲ, ಬೇಡಿಕೊಂಡ ಹಾಗೆ ಅಂದರು. ಅಷ್ಟರಲ್ಲಿ ಹಾಕಿಯಾಗಿತ್ತು.

ಮೊದಲು ಬರೀ ಬುಸ್ ಅಂತ ಸದ್ದು, ಸ್ಟೌ ಉರಿದ ಹಾಗೆ. ಅದರ ನಡುವೆ ಅಕ್ಕನ ಹೆಸರು. ಆಮೇಲೆ ಆ ಬುಸ್ ಒಳಗೆ ಉಸಿರಾಟ. ಒಬ್ಬರದಲ್ಲ. ರೂಮು ತುಂಬ ಜನ. ಕಾಲು ಬದಲಾಯಿಸುವ ಸದ್ದು, ಸೀರೆಯ ಸರಬರ, ಯಾರೋ ಗಂಟಲು ಸರಿಮಾಡಿಕೊಂಡದ್ದು. ಸಾಲು. ಸುಣ್ಣದ ಗೆರೆಯ ಹಿಂದೆ ಸಾಲಾಗಿ ನಿಂತಿದ್ದಾರೆ. ಒಬ್ಬರಾದ ಮೇಲೊಬ್ಬರು ತಮ್ಮ ಹೆಸರು ಹೇಳುತ್ತಿದ್ದಾರೆ. ಇದ್ದೀನಿ. ಇದ್ದೀನಿ. ಇದ್ದೀನಿ. ತಿರುಗಿ ನೋಡಿದೆ. ಬರೀ ಗೋಡೆ, ಗೋಡೆಗೆ ಒರಗಿಸಿದ ಪೊರಕೆ.

ಅವರಲ್ಲಿ ಒಂದು ದನಿ ಮಾತ್ರ ದೂರದಿಂದ ಬರುತ್ತಿರಲಿಲ್ಲ. ಅಕ್ಕನ ದನಿಗಿಂತ ಹತ್ತಿರದಿಂದ, ನನ್ನ ಕಿವಿಯೊಳಗೇ ಕೂತು ಹೇಳಿದ ಹಾಗೆ ಬರುತ್ತಿತ್ತು. 'ನಾನು ಚೌಡಮ್ಮ. ಇದ್ದೀನಿ ಕಣ್ರಪ್ಪ.'

ಅಮ್ಮ. ಉಳಿದವರೆಲ್ಲ ಇಲ್ಲವಾದ ಮೇಲೂ ಮರ್ಯಾದೆಯಿಂದ ಗೆರೆಯ ಹಿಂದೆ ನಿಂತಿದ್ದರು. ಅಮ್ಮ ಗೆರೆ ದಾಟಿ ಮೈಕಿಗೇ ಬಾಯಿ ಇಟ್ಟಿದ್ದಳು.

ಹೆಡ್‌ಫೋನ್ ತೆಗೆದೆ. 'ಎಷ್ಟೋ ಜನ ಸಾಲಾಗಿ ನಿಂತಿದಾರೆ, ಅಮ್ಮನೂ ಇದಾಳೆ' ಅಂದೆ. 'ಕೇಳಿಸ್ತಾ?' ಅಂದರು ಗುರುಲಿಂಗಪ್ಪ, ನನ್ನ ಮುಖ ನೋಡದೆ. 'ನಾನು ಹಾಕ್ಕೊಳ್ಳೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನಮ್ಮನೆಯೋಳೂ ಇದಾಳೆ ಆ ಸಾಲಲ್ಲಿ.'

'ಬೂಸ್ಟ್ ತೆಗೀರಿ ಸಾರ್' ಅಂದಳು ಅಕ್ಕ. ಅವಳ ಮುಖ ಬಿಳಿಚಿಕೊಂಡಿತ್ತು. 'ಅಷ್ಟು ಜನಾನ ಬೆನ್ನಿಗೆ ಕಟ್ಕೊಂಡು ಹೋದ್ರೆ ಆಸ್ಪತ್ರೆಯೋರು ಬಾಗ್ಲು ತೆಗೀತಾರಾ?'

ಅವರು ತೆಗೆದರು. ನಾನು ಮೇಜಿಗೆ ಹೋಗಿ ಹಾರ ಕಿತ್ತು ಹಾಕಿ ಮೈಕನ್ನು ಕೈಗೆತ್ತಿಕೊಂಡೆ. ಜಾಲರಿಯ ಮೇಲಿನ ಪೊರೆಯನ್ನು ಉಗುರಲ್ಲಿ ಕೆರೆದೆ. ಕುಂಕುಮದ ಹೆಪ್ಪು ಸಿಪ್ಪೆ ಸಿಪ್ಪೆಯಾಗಿ ಉದುರಿತು.

'ಏಯ್! ಏನ್ಲಾ ಮಾಡ್ತಿದೀಯಾ ಮುಂಡೇದೆ! ಎಂಜಲಾಗುತ್ತೆ! ನಾಳೆ ಊರಿಗೆ ನಾನೇನು ಹೇಳ್ಲಿ?'

ಹೇಳಲು ನನ್ನ ಹತ್ತಿರ ಮಾತು ಬೇಕಾದಷ್ಟಿತ್ತು. ಆದರೆ ರೆಕಾರ್ಡಿಂಗ್ ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ನಾನು ಬಾಯಿ ಬಿಟ್ಟರೆ ಕಂಬ ಕೆಂಪಿಗೆ ಹಾರಿ ಎಲ್ಲ ಹಾಳು. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ ಸಿಟ್ಟನ್ನು ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡು ನಿಂತೆ. ಅವರು ನನ್ನ ರಟ್ಟೆ ಹಿಡಿದು ಎಳೆದರು, ಬೆನ್ನಿಗೆ ಗುದ್ದಿದರು. ನಾನು ಮೈಕನ್ನು ಅಕ್ಕನ ಬಾಯಿಯ ಹತ್ತಿರ, ಒಂದು ಗೇಣು ದೂರದಲ್ಲಿ ಹಿಡಿದೆ. ಇನ್ನೊಂದು ಕೈಯಲ್ಲಿ ತುತ್ತು ಬಾಯಿಗಿಡುವ ಸನ್ನೆ ಮಾಡಿದೆ. ಊಟಕ್ಕೆ ಕರೆಯೋ ಹಾಗೆ ಹೇಳು ಅಂತ. ಅಕ್ಕನಿಗೆ ಅರ್ಥವಾಯಿತು.

'ನಾನು ಭಾಗೀರಥಿ...' 'ಭಾ' ಅಂದದ್ದೇ ಉಸಿರು ಧಪ್ಪೆಂದು ಮೈಕಿಗೆ ಬಡಿದು ಕಂಬ ಕೆಂಪು ಮುಟ್ಟಿತು. ಅಕ್ಕ ಬೆಚ್ಚಿ ನಿಲ್ಲಿಸಿದಳು.

ಗುರುಲಿಂಗಪ್ಪನವರ ಕೈ ನನ್ನ ಬೆನ್ನ ಮೇಲೆ ಹಾಗೇ ನಿಂತಿತು. ಅವರು ಕಂಬವನ್ನೇ ನೋಡುತ್ತಿದ್ದರು. ಅಷ್ಟು ಎತ್ತರ ಒಬ್ಬ ಹೆಂಗಸಿನ ಮೆಲುದನಿ ಏರಿದ್ದನ್ನು ಅವರು ನೋಡಿರಲಿಲ್ಲ ಅಂತ ಕಾಣುತ್ತದೆ. ನನ್ನ ಮಣಿಕಟ್ಟು ಹಿಡಿದು ಮೈಕನ್ನು ಕೆನ್ನೆಯ ಕಡೆಗೆ ತಿರುಗಿಸಿದರು. 'ಓರೆಯಾಗಿ ಹಿಡಿ' ಎಂದು ಪಿಸುಗುಟ್ಟಿದರು. 'ಉಸಿರು ಪಕ್ಕಕ್ಕೆ ಹೋಗ್ಲಿ. ಈಗ ಹೇಳವ್ವ, ಮನೇಲಿ ಮಾತಾಡಿದಂಗೆ.'

'ನಾನು ಭಾಗೀರಥಿ. ಇದ್ದೀನಿ.'

ಕಂಬ ಹಸಿರು ದಾಟಿತು, ಹಳದಿಯಲ್ಲಿ ಮೆಲ್ಲಗೆ ತೂಗಿತು, ಕೆಂಪಿಗೆ ಸ್ವಲ್ಪ ಕೆಳಗೇ ನಿಂತು ಇಳಿಯಿತು. ಇಳಿದ ಮೇಲೆ ಬುಡದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅಕ್ಕನ ಕಣ್ಣು ತುಂಬಿಕೊಂಡಿತು. ನಾನು ಬಾಯಿಂದ ಟವೆಲ್ ತೆಗೆದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತು ಇಲ್ಲಿ ಇರುತ್ತಿರಲಿಲ್ಲ. ಅಕ್ಕನನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ ಬಂದೆ. ಗುರುಲಿಂಗಪ್ಪ ಅವಳ ಹೊಸ ದನಿಯನ್ನು ನಮ್ಮ ಮನೆಯ ಎಳೆಗೆ ಹೊಲಿಯುತ್ತಿದ್ದರು. ಒಂದು ಮನೆಯ ದನಿಗಳೆಲ್ಲ ಒಂದೇ ಎಳೆ. ಭಾವ, ಅಕ್ಕ, ನಾನು. ಹೊಲಿದಾದ ಮೇಲೆ ಹಾಕಿ ನೋಡಿದರು. ಅಕ್ಕನ ಹೆಸರು ಬರುವ ಕಡೆ ಕಂಬ ಮತ್ತೆ ಬುಡದಲ್ಲೇ ಮಿಸುಕಿತು.

'ಇದೇನು ಸಾರ್?'

ಅವರು ಎಳೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿದರು. 'ಒಂದು ಎಳೇಲಿ ಎಲ್ಲಕ್ಕಿಂತ ಜೋರು ದನಿ ಯಾವುದೋ ಅದಕ್ಕೆ ತಕ್ಕಂಗೆ ಮಿಷನ್ನು ಮನೆನೆಲ್ಲ ಕೆಳಕ್ಕೆ ಒತ್ತುತ್ತೆ. ಇಲ್ದಿದ್ರೆ ಸ್ಪೀಕರ್ ಹರಿದೋಗುತ್ತೆ. ನಿಮ್ಮ ಭಾವಂದು ಗಟ್ಟಿ, ಒತ್ತಿದ್ರೂ ಏಳುತ್ತೆ. ನಿಂದು...' ಬೆರಳಲ್ಲಿ ತೋರಿಸಿದರು. ಎಳೆಯ ಕೊನೆಯಲ್ಲಿ ನನ್ನ ದನಿ. ಮೇಲಿನ ಅಂಚಿಂದ ಕೆಳಗಿನ ಅಂಚಿನವರೆಗೆ ಗರಗಸದಲ್ಲಿ ಕೊಯ್ದ ಹಲಗೆಯ ಹಾಗೆ ಚಪ್ಪಟೆ. 'ಅದು ಇರೋವರೆಗೂ ನಿಮ್ಮನೇಲಿ ಮೆಲುದನಿಯೋರು ಏಳಲ್ಲ.'

ಅಮ್ಮ ಕುಗ್ಗಲು ಶುರುವಾದ ವರ್ಷ ನನಗೆ ಕಣ್ಣ ಮುಂದೆ ಬಂತು. ಜೋರಾಗಿ ಹೇಳು ಅಂತ ಸುತ್ತ ನಿಂತು ಕೂಗಿಸಿದವರ ಮುಖಗಳೂ ಬಂದವು. ಅವರಲ್ಲಿ ಈ ಮನುಷ್ಯನೂ ಇದ್ದ. ಕುತ್ತಿಗೆ ಹಿಡಿಯಬೇಕು ಅನ್ನಿಸಿತು. ಹಿಡಿದರೆ ಅಕ್ಕನ ಹೆಸರು ಹೊಲಿಯುವವರು ಯಾರು?

'ನಂದನ್ನೇ ಮೆತ್ತಗೆ ಇನ್ನೊಂದ್ಸಲ ಕೊಡ್ತೀನಿ.'

'ಒಂದೇ ಹೆಸ್ರು ಅಂದಿದ್ದೀನಿ. ಎರಡನೇದು ಹಾಕಿದ್ರೆ ಎಳೆ ನಿಲ್ಲಲ್ಲ, ಹರಿಯುತ್ತೆ. ನಿಂದನ್ನ ಅಳಿಸ್ಬಹುದು ಅಷ್ಟೇ, ಹೊಸದು ಇನ್ನು ವರ್ಷದ ಸರದಿಗೇ. ಅಷ್ಟೊತ್ತಿಗೆ ನೀನು ಬಂದು ನಿಂತ್ರೂ ನಂಗೆ ಕಾಣಲ್ಲ. ಬಂದಿದ್ದೀಯ ಅನ್ನೋದೂ ಗೊತ್ತಾಗಲ್ಲ. ಯೋಚ್ನೆ ಮಾಡು.'

ಯೋಚನೆ ಮಾಡಲು ಏನಿತ್ತು? ಹೊರಗೆ ಅಕ್ಕ ನೋವಿಗೆ ಹಲ್ಲು ಕಚ್ಚಿ ನರಳುವುದು ಕೇಳಿಸುತ್ತಿತ್ತು. ಆದರೂ ಸುಳ್ಳು ಹೇಳುವುದಿಲ್ಲ, ಒಂದು ಸಲ ಹಿಂದೆ ತಿರುಗಿ ನೋಡಿದೆ. ಆ ಸಾಲು ಅಲ್ಲೇ ನನ್ನ ಬೆನ್ನ ಹಿಂದೆ ನಿಂತಿತ್ತು, ಈಗ ನನಗೆ ಗೊತ್ತಿತ್ತು. ಒಬ್ಬನಿಗೆ ಜಾಗ ಬಿಟ್ಟು ಸರಿದುಕೊಳ್ಳುತ್ತಿದೆಯೇನೋ ಅನ್ನಿಸಿತು.

'ಅಳಿಸಿ ಸಾರ್' ಅಂದೆ. 'ಅಕ್ಕಂಗೆ ಹೇಳ್ಬೇಡಿ.'

ಬೆಳಗಿನ ಜಾವಕ್ಕೆ ನೋವು ಜೋರಾಯಿತು. ಭಾವ ಆಟೋವನ್ನು ಗಾಣದ ಮೂಲೆಯವರೆಗೆ ತಂದು ನಿಲ್ಲಿಸಿದ. ದನಿ ಬರುವವರೆಗೆ ಅಲ್ಲಿಂದ ಒಂದು ಚಕ್ರವೂ ಮುಂದೆ ಹೋಗುವ ಹಾಗಿರಲಿಲ್ಲ. ಅಕ್ಕ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ನರಳುತ್ತಿದ್ದಳು. ಲೌಡ್‌ಸ್ಪೀಕರ್ ಗರ್ ಎಂದಿತು. ಮೇಲ್ಪೇಟೆಯವರ ಹೆಸರುಗಳು ಗುಡುಗುಡು ಬಂದವು. ಅವರದು ಮುಗಿಯುವುದೇ ಇಲ್ಲ ಅನ್ನಿಸಿತು. ಗುರುಲಿಂಗಪ್ಪ ಹೆದರಿ ಹಳೆಯದನ್ನೇ ಹಾಕಿದ್ದರೆ? ಗಾಣದವರ ಮನೆಯ ಹೆಸರು ಬಂತು. ಭಾವನ ಹೆಸರು ಬಂತು. ಆಮೇಲೆ ಯಾರೋ ಪಕ್ಕದಲ್ಲೇ ಕೂತು ಹೇಳಿದ ಹಾಗೆ, ಊಟಕ್ಕೆ ಕರೆದ ಹಾಗೆ, ಊರಿನ ಮೇಲೆಲ್ಲ, 'ನಾನು ಭಾಗೀರಥಿ. ಇದ್ದೀನಿ.'

ಭಾವ ಅಳುತ್ತ ಗೇರ್ ಹಾಕಿದ. ಆಟೋ ಮೂಲೆ ದಾಟಿತು. ಕನ್ನಡಿಯಲ್ಲಿ ನೋಡಿದ. 'ಇದಾಳೆ! ಬಾಮೈದ, ಇದಾಳೆ ಕಣ್ಲಾ!' ಎಂದು ಕೂಗಿ ಹಿಂದೆ ತಿರುಗಿದ. ಅವನ ಕಣ್ಣು ನನ್ನ ಎದೆಯ ಮೂಲಕ ಹಾದು ಹಿಂದಿನ ತಗಡಿಗೆ ಹೋಗಿ ನಿಂತಿತು.

'ಬೋರ ಎಲ್ಲಿ? ಇಳಿದ್ನಾ?'

ನಾನು ಇಲ್ಲೇ ಇದ್ದೀನಿ ಭಾವ, ಅಂದೆ. ನನ್ನ ಬಾಯಿಂದ ಮೊದಲ ಸಲ ದನಿ ಮೆತ್ತಗೆ ಬಂತು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಅಕ್ಕ ತನ್ನ ಮುಷ್ಟಿಯನ್ನು ನೋಡಿದಳು. ಅಂಗಿ ಇನ್ನೂ ಅದರೊಳಗೇ ಇತ್ತು. ಅವಳಿಗೆ ಎಲ್ಲ ಗೊತ್ತಾಯಿತು, ಒಂದು ಗಳಿಗೆ ಪೂರ್ತಿ ಗೊತ್ತಾಯಿತು, ಅದನ್ನು ನಾನು ಅವಳ ಮುಖದಲ್ಲಿ ನೋಡಿದೆ. 'ಇಲ್ಲೇ ಇದಾನೆ, ನೀವು ಓಡ್ಸಿ' ಎಂದಳು. ಆಮೇಲೆ ಇನ್ನೊಂದು ನೋವು ಬಂತು. ಮುಷ್ಟಿ ಬಿಚ್ಚಿಕೊಂಡಿತು.

ಹೆಣ್ಣುಕೂಸು. ಎಲಿಶಮ್ಮ ಸಿಸ್ಟರ್ ಒಂದು ಗಳಿಗೆಯೂ ಅಕ್ಕನ ಮೇಲಿಂದ ಕಣ್ಣು ತೆಗೆಯಲಿಲ್ಲ. ಭಾವ ವರಾಂಡದಲ್ಲಿ ಕಂಡಕಂಡವರಿಗೆಲ್ಲ ಈರುಳ್ಳಿ ಫ್ರೀ ಅಂದ. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿ, ದನಿಮನೆಗೆ ನಡೆದುಕೊಂಡು ಬಂದೆ. ಬೇರೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ.

ಸಾಲು ಬಾಗಿಲಾಚೆಗೂ ಬೆಳೆದಿತ್ತು. ಬಹುಪಾಲು ಹೆಂಗಸರೇ. ಮುಂದೆ ಮೈಕಿನ ಹತ್ತಿರ ನಿಂತಿದ್ದವಳು ತಿರುಗಿ ನನ್ನನ್ನು ನೋಡಿದಳು.

'ನೀನ್ಯಾಕಲಾ ಬಂದೆ ಇಲ್ಲಿಗೆ?' ಅಮ್ಮ ಬೈದಳು. ಎಷ್ಟೋ ದಿನದ ಮೇಲೆ ಅವಳಿಂದ ಬೈಸಿಕೊಂಡೆ. 'ಅನ್ನ ಹಾಕಿ ಸಾಕಿದ್ದು ಇಲ್ಲಿ ಬಂದು ನಿಂತ್ಕೊಳಕ್ಕಾ? ಅವಳಿಗೆ ಏನಾಯ್ತು ಹೇಳು ಮೊದ್ಲು.'

ಹೇಳಿದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಇಲ್ಲಿ ಹಸಿವು ಅಷ್ಟಾಗಿ ಇಲ್ಲ. ಹೆದರಿಕೆ ಇದೆ. ದಿನ ಕಳೆದಂತೆ ಹೆಸರಿನ ಕೊನೆಯ ಅಕ್ಷರ ನೆನಪಾಗಲು ತಡವಾಗುತ್ತದೆ. ಸಾಲಿನ ಹಿಂದಿನ ತುದಿಯಲ್ಲಿ ಕೆಲವರು ಈಗ ಬರೀ 'ಇದ್ದೀನಿ' ಅನ್ನುತ್ತಾರೆ. ಯಾರು ಅಂತ ಅವರಿಗೂ ಗೊತ್ತಿಲ್ಲ. ಅದಕ್ಕೇ ನಾನು ನನ್ನ ಹೆಸರನ್ನು ಬಿಡದೆ ಹೇಳಿಕೊಳ್ಳುತ್ತಿರುತ್ತೇನೆ.

ನಿನ್ನೆ ವರ್ಷದ ಸರದಿ ಬಂತು. ಅಕ್ಕ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಸುಣ್ಣದ ಗೆರೆಯನ್ನು ಯಾರೋ ಅಳಿಸಿದ್ದರು, ಮೈಕಿಗೆ ಕುಂಕುಮ ಇರಲಿಲ್ಲ. ಅವಳ ಮಣಿಕಟ್ಟಿಗೆ ಎರಡು ದಾರ ಕಟ್ಟಿತ್ತು, ಮರೆಯಬಾರದೆಂದು. ತನ್ನ ಹೆಸರು ಹೇಳಿ ಮುಗಿಸಿ, ಮೈಕನ್ನು ತನ್ನ ಬಾಯಿಂದ ದೂರ ಮಾಡಿ, ಯಾರೂ ಇಲ್ಲದ ಕಡೆ ಓರೆಯಾಗಿ ಹಿಡಿದಳು.

'ಅಮ್ಮಾ, ಬೋರಾ, ಊಟಕ್ಕೆ ಬನ್ರೋ' ಎಂದಳು.

ಗುರುಲಿಂಗಪ್ಪ ತಡೆಯಲಿಲ್ಲ. 'ನಿಮ್ಮದು ಆದ್ಮೇಲೆ ನಮ್ಮನೆಯೋಳಿಗೂ ಒಂದ್ಸಲ ಹಿಡೀತೀಯಾ ತಾಯಿ?' ಎಂದು ಕೇಳಿ ಕಂಪ್ಯೂಟರಿನತ್ತ ತಿರುಗಿ ಕೂತರು. ಅಮ್ಮ ನನ್ನನ್ನು ಮುಂದೆ ನೂಕಿದಳು, ನಾನು ಅವಳನ್ನು ನೂಕಿದೆ. ಕೊನೆಗೆ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಮೈಕಿಗೆ ಬಾಯಿ ಇಟ್ಟೆವು. ಜೋರಾಗಿ ಹೇಳಿದರೆ ಮತ್ತೆ ಒಡೆದು ಅಕ್ಕನನ್ನೂ ಕೂಸನ್ನೂ ಕೆಳಕ್ಕೆ ಒತ್ತುತ್ತೇನೆ. ಮೆಲ್ಲಗೆ ಹೇಳಿದರೆ ಇಲ್ಲೇ ಉಳಿಯುತ್ತೇನೆ. ಉಪ್ಪು ಕೇಳುವ ಹಾಗೆ ಹೇಳಿದೆ.

'ಏನೋ ಅಲ್ಲಾಡ್ತು ಕಣವ್ವ' ಅಂದರು ಗುರುಲಿಂಗಪ್ಪ.

'ಯಾರದು ಸಾರ್? ಒಂದಾ, ಎರಡಾ?'

'ಬೆಳಿಗ್ಗೆ ಗೊತ್ತಾಗುತ್ತೆ.'

ಈಗ ಬೆಳಗಾಗುತ್ತಿದೆ. ಅಮ್ಮ ಮತ್ತು ನಾನು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದೇವೆ. ಒಳಗೆ ಅಕ್ಕ ಎರಡು ತಟ್ಟೆ ಹೆಚ್ಚಿಗೆ ಇಟ್ಟುಕೊಂಡು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನಾವಿರುವ ಕಡೆಯೇ ನೋಡುತ್ತ ಕೂತಿದ್ದಾಳೆ. ಭಾವ ಅವಳ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಾನೆ. ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಾಳೆ. ಮೇಲ್ಪೇಟೆ ಮುಗಿಯಿತು. ಗಾಣದವರ ಮನೆ ಮುಗಿಯಿತು. ಭಾವನ ಹೆಸರಾಯಿತು, ಅಕ್ಕನ ಹೆಸರಾಯಿತು. ಲೌಡ್‌ಸ್ಪೀಕರ್ ಒಂದು ಗಳಿಗೆ ಸುಮ್ಮನಾಗಿದೆ. ಮುಂದಿನ ಮನೆಗೆ ಹೋಗುವ ಮೊದಲೂ ಅದು ಹೀಗೇ ಸುಮ್ಮನಾಗುತ್ತದೆ. ಯಾರಾದರೂ ಬಾಯಿ ತೆರೆಯುವ ಮೊದಲೂ ಹೀಗೇ ಸುಮ್ಮನಾಗುತ್ತದೆ.